ಸೊಪ್ಪುಗಂಟೆಯ ಬಾಗಿಲು ಕಾಯುವ ಯಂತ್ರದವರಿಗೆ ಮುಳ್ಳೂರಿನ ಹುಳುಮನೆಯಿಂದ

ಇವರಿಗೆ,
ಶ್ರೀಯುತ ಬಾಗಿಲು ಕಾಯುವ ಯಂತ್ರದವರು,
‘ಸೊಪ್ಪುಗಂಟೆ’ ಓಪನ್ ಸೋರ್ಸ್ ಪ್ರಾಜೆಕ್ಟ್,
ಊರು, ಕೇರಿ ತಿಳಿಯದು.

ಮಾನ್ಯರೇ,

ಕೊಳ್ಳೇಗಾಲ ತಾಲ್ಲೂಕು ಮುಳ್ಳೂರಿನಿಂದ ಕೋಮಲ ಮಾಡುವ ಸವಿನಯ ನಮಸ್ಕಾರಗಳು. ಇಲ್ಲಿ ನಾನು, ನನ್ನ ಅವ್ವ ಚೆಲುವಮ್ಮ, ಅಪ್ಪ ಪುಟ್ಟಸಿದ್ದಯ್ಯ ಮತ್ತು ತಟ್ಟೆಗಳ ತುಂಬ ಇರುವ ರೇಷ್ಮೆಹುಳುಗಳು ಎಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವುದು ವಾಡಿಕೆಯಾದರೂ, ತಮಗೆ ನೆಗಡಿಯಿಲ್ಲ, ನಿದ್ದೆಯಿಲ್ಲ, ಮನೆಗೆ ಬಂದು ಎರಡು ದಿನ ಉಳಿದುಬಿಡುವ ನೆಂಟರಿಲ್ಲ ಎಂಬುದು ತಿಳಿದಿರುವುದರಿಂದ ಆ ಭಾಗವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸೊಪ್ಪುಗಂಟೆ ಎಂಬ ಆ್ಯಪ್ ಏನು ಮಾಡುತ್ತದೆ ಎಂದು ತಮಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ತಾವು ಹೊರಗಿನವರು ಕಳಿಸುವ ತಿದ್ದುಪಡಿಗಳನ್ನು ತಡೆದು ನೋಡಲು ಅದರ ಬಾಗಿಲಲ್ಲಿ ನಿಂತವರು, ಒಳಗೆ ಇಣುಕುವ ಪ್ರಮೇಯ ಬಂದಿರಲಾರದು. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತಾದಾಗ ಅದು ಫೋನಿನಲ್ಲಿ ಗಂಟೆ ಬಾರಿಸುತ್ತದೆ. ಯಾವ ಯಾವ ದೇಶದಲ್ಲೋ ಇರುವ ಪುಣ್ಯಾತ್ಮರು ಬಿಡುವಿನ ವೇಳೆಯಲ್ಲಿ ಅದನ್ನು ಬರೆದು, ಕೋಡನ್ನೆಲ್ಲ ಬಯಲಲ್ಲಿಟ್ಟು, ಯಾರು ಬೇಕಾದರೂ ಬಂದು ತಿದ್ದಬಹುದು ಎಂದು ಬೋರ್ಡು ಹಾಕಿದ್ದಾರೆ. ಆ ‘ಯಾರು ಬೇಕಾದರೂ’ ಎಂಬುದರಲ್ಲಿ ಮುಳ್ಳೂರಿನವರೂ ಸೇರುತ್ತಾರೆ ಎಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟೇ ಇತ್ತು ಅನ್ನಿ.

ನನ್ನ ಅಪ್ಪನಿಗೆ ಈಚೆಗೆ ಕಣ್ಣು ಮಂಜು. ಹುಳುವನ್ನು ನೋಡಿಯೇ ಹಸಿವು ತಿಳಿಯುತ್ತಿದ್ದ ಮನುಷ್ಯ, ಈಗ ತಟ್ಟೆಯಲ್ಲಿ ಹುಳು ಯಾವುದು, ತೊಟ್ಟು ಯಾವುದು ಎಂದು ಬೆರಳಲ್ಲಿ ತಡವಿ ನೋಡಬೇಕು. ತಮ್ಮ ಗಂಟೆ ಬಂದ ಮೇಲೆ ಅವರಿಗೆ ಹುಳುಮನೆಯಲ್ಲಿ ಮತ್ತೆ ಒಂದು ಕೆಲಸ ಸಿಕ್ಕಿತು. ಗಂಟೆ ಬಾರಿಸಿದರೆ ಎದ್ದು, ಕಾಲು ತೊಳೆದು, ಸೊಪ್ಪು ಹಾಕುವುದು. ಇಷ್ಟು ವರ್ಷದ ಸಂಸಾರದಲ್ಲಿ ಅವ್ವನ ಮಾತನ್ನು ಒಂದು ದಿನವೂ ಕೇಳದ ನನ್ನ ಅಪ್ಪ, ಈ ಫೋನಿನ ಮಾತನ್ನು ಚಾಚೂ ತಪ್ಪದೆ ಕೇಳುತ್ತಿದ್ದರು. ಅವ್ವನಿಗೆ ಇದರಿಂದ ಹೊಟ್ಟೆಯುರಿದದ್ದು ನಿಜ, ಆದರೆ ಅಪ್ಪ ಜಗುಲಿಯಲ್ಲಿ ಮೂಲೆ ಹಿಡಿದು ಕೂರುವುದು ತಪ್ಪಿತಲ್ಲ ಎಂದು ಸುಮ್ಮನಿದ್ದಳು.

ಸಮಸ್ಯೆ ಎಲ್ಲಿ ಬಂತೆಂದರೆ, ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ಮೇವು ಬಿಟ್ಟು, ತಲೆಯೆತ್ತಿಕೊಂಡು, ಒಂದಿಡೀ ದಿನ ಮಿಸುಕಾಡದೆ ಇದ್ದುಬಿಡುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕಾಯಿಲೆಯಲ್ಲ, ಬೆಳೆಯುವ ರೀತಿ. ಜ್ವರದಲ್ಲಿರುವ ಹುಳುವಿಗೆ ಸೊಪ್ಪು ಹಾಕಬಾರದು. ಹಾಕಿದರೆ ಮೊದಲು ಎದ್ದವು ತಿಂದು ದಪ್ಪಗಾಗುತ್ತವೆ, ತಡವಾಗಿ ಎದ್ದವು ಹಿಂದೆ ಬೀಳುತ್ತವೆ, ಆಮೇಲೆ ಇಡೀ ಬೆಳೆ ಏರುಪೇರು. ಸುಣ್ಣದ ಪುಡಿ ಉದುರಿಸಿ, ಎಲ್ಲವೂ ಏಳುವವರೆಗೆ ಕೈಕಟ್ಟಿ ಕಾಯಬೇಕು. ತಮ್ಮ ಸೊಪ್ಪುಗಂಟೆ ಬರೆದ ಮಹನೀಯರು ಮಾತ್ರ, ಜೀವ ಅಂದಮೇಲೆ ಹೊತ್ತುಹೊತ್ತಿಗೆ ಉಣ್ಣಲೇಬೇಕು ಎಂದು ತಮ್ಮ ಹೊಟ್ಟೆಯ ಅಂದಾಜಿನ ಮೇಲೆ ತೀರ್ಮಾನಿಸಿದಂತಿದೆ. ಗಂಟೆಗೆ ಜ್ವರ ಗೊತ್ತಿಲ್ಲ.

ಕಳೆದ ಬೇಸಿಗೆಯ ಬೆಳೆಯಲ್ಲಿ ಅವ್ವ ತೊಟ್ಟಿಲು ಶಾಸ್ತ್ರಕ್ಕೆಂದು ಯಳಂದೂರಿಗೆ ಹೋಗಿದ್ದಳು, ನಾನು ಕೊಳ್ಳೇಗಾಲದಲ್ಲಿ ಕೆಲಸದಲ್ಲಿದ್ದೆ. ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಗಂಟೆ ಬಾರಿಸಿತು, ಅಪ್ಪ ಸೊಪ್ಪು ಹಾಕಿದರು. ಮತ್ತೆ ಬಾರಿಸಿತು, ಮತ್ತೆ ಹಾಕಿದರು. ಕೊನೆಗೆ ಏನಾಯಿತೆಂದರೆ, ಅರ್ಧ ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತಿದ್ದರೆ, ಇನ್ನರ್ಧ ಇನ್ನೂ ತಟ್ಟೆಯಲ್ಲಿ ಸೊಪ್ಪಿಗಾಗಿ ಬಾಯಿ ಬಿಡುತ್ತಿದ್ದವು. ಅಪ್ಪ ನನಗೆ ಹೇಳಿದ್ದು ಇಷ್ಟೇ: “ಗಂಟೆ ಒಡೀತು, ಸೊಪ್ಪಾಕ್ದೆ. ನಂದೇನವ್ವ ತಪ್ಪು?” ಅವ್ವ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, “ಆ ಫೋನು ಬಾಯಿ ಮುಚ್ಚೋದ ಕಲಿಯೋವರ್ಗೂ ನೀನು ಈ ಒಸ್ಲು ದಾಟ್ಬ್ಯಾಡ ಕಣಯ್ಯ” ಅಂದಳು. ಅಂದಿನಿಂದ ಅಪ್ಪ ಮತ್ತೆ ಜಗುಲಿಯ ಮೂಲೆ ಹಿಡಿದರು. ಗಂಟೆ ಬಾರಿಸಿದಾಗ ಏಳಲು ಹೋಗಿ, ನೆನಪಾಗಿ, ಹಾಗೇ ಕೂತುಬಿಡುತ್ತಿದ್ದರು. ನೋಡಲು ಆಗುತ್ತಿರಲಿಲ್ಲ ಮಾನ್ಯರೇ.

ಹಾಗಾಗಿ ನಾನು ತಮ್ಮ ಬಾಗಿಲಿಗೆ ಬಂದೆ. ನಾನು ಕಂಪ್ಯೂಟರ್ ಓದಿದವಳು, ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹತ್ತಿರ ಪ್ರಭುಸ್ವಾಮಿಯವರ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಲ್ಲಿನ ಕಂಪ್ಯೂಟರ್ ಬಳಸಿಕೊಳ್ಳಲು ಅವರು ದೊಡ್ಡ ಮನಸ್ಸು ಮಾಡಿದರು. ಹೊಸಬರಿಗೆ ಹೃತ್ಪೂರ್ವಕ ಸ್ವಾಗತ ಎಂದು ತಮ್ಮ ಪುಟದ ನೆತ್ತಿಯ ಮೇಲೆ ಬರೆದಿತ್ತು. ಅದರ ಕೆಳಗೆ ಹೊಸಬರು ಮೊದಲು ಕಂಪ್ಯೂಟರಿಗೆ ಏನೇನು ಇಳಿಸಿ ತುಂಬಿಸಿಕೊಳ್ಳಬೇಕು ಎಂಬ ವಿವರಣೆ ಇತ್ತು. ಅದನ್ನು ತುಂಬಿಸಲು ಇನ್ನೊಂದು ಬೇಕಿತ್ತು, ಆ ಇನ್ನೊಂದನ್ನು ತುಂಬಿಸುವ ವಿವರಣೆ ಹಳೆಯದಾಗಿದೆ, ನಂಬಬೇಡಿ ಎಂದು ಅಲ್ಲೇ ಬರೆದಿತ್ತು. ಫೈಲು ಮುಕ್ಕಾಲು ಇಳಿದಾಗಲೆಲ್ಲ ಯಾರಾದರೂ ಆಧಾರ್ ಪ್ರಿಂಟಿಗೆ ಬರುತ್ತಿದ್ದರು, ನೆಟ್ ಹೋಗುತ್ತಿತ್ತು, ಮತ್ತೆ ಮೊದಲಿಂದ. ಪ್ರಭುಸ್ವಾಮಿಯವರು ಇದನ್ನೆಲ್ಲ ನೋಡಿ, ಹನೂರಿನ ಕಡೆ ರಸ್ತೆ ಕೆಲಸವೇ ಇದಕ್ಕಿಂತ ಬೇಗ ಮುಗಿಯುತ್ತದೆ ಎಂದು ಅಭಿಪ್ರಾಯಪಟ್ಟರು.

ಹೊಸಬರಿಗೆಂದೇ ತೆಗೆದಿಟ್ಟ ಸುಲಭದ ಕೆಲಸಗಳೂ ಅಲ್ಲಿದ್ದವು. ಆದರೆ ಒಂದೊಂದರ ಮೇಲೂ ಯಾರೋ ಒಬ್ಬರು, ಇದು ನನಗಿರಲಿ ಎಂದು ಬರೆದು ಹೋಗಿ ವರ್ಷವಾಗಿತ್ತು. ಬೆಟ್ಟದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು ಬಸ್ಸನ್ನೇ ಹತ್ತದಿದ್ದರೆ ಹೇಗೋ ಹಾಗೆ. ಇರಲಿ, ನನಗೆ ಬೇಕಾಗಿದ್ದು ಅಪ್ಪನ ಕೆಲಸ ಮಾತ್ರ. ಜ್ವರ ಬಂದಾಗ ಮನೆಯವರು ಒಂದು ಗುಂಡಿ ಒತ್ತಿದರೆ ಗಂಟೆ ಸುಮ್ಮನಾಗಬೇಕು, ಎದ್ದವು ಎಂದು ಒತ್ತಿದರೆ ಮತ್ತೆ ಶುರುವಾಗಬೇಕು. ಬರೆದೆ, ಪರೀಕ್ಷಿಸಿದೆ, ಇದನ್ನು ಸೇರಿಸಿಕೊಳ್ಳಿ ಎಂಬ ಅರ್ಜಿಯೊಂದಿಗೆ ಕಳಿಸಿದೆ.

ಆಗ ತಾವು ದರ್ಶನ ಕೊಟ್ಟಿರಿ. ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮ ಧನ್ಯವಾದ ಬಂತು, ಜೊತೆಗೆ ಪಟಾಕಿಯ ಚಿತ್ರ. ಕೋಡಿನ ಒಂದು ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿದೆ ಎಂದಿರಿ, ತೆಗೆದೆ. ಒಪ್ಪಂದಕ್ಕೆ ಸಹಿ ಎಂದಿರಿ, ಹಾಕಿದೆ. ಇನ್ನು ಮನುಷ್ಯರೊಬ್ಬರು ನೋಡಬೇಕು, ಕಾಯುವುದು ಎಂದಿರಿ.

ಇಲ್ಲಿ ಒಂದು ವಿಷಯ ತಮ್ಮ ಅವಗಾಹನೆಗೆ. ನಮ್ಮಲ್ಲಿ ಹುಳುಮನೆಗೆ ಹೊರಗಿನವರು ತಾವಾಗಿ ನುಗ್ಗುವಂತಿಲ್ಲ. ಹೊಸ್ತಿಲಾಚೆ ನಿಂತು ಬರಬಹುದೇ ಎಂದು ಕೇಳಬೇಕು. ಒಳಗಿನವರು ಬಾ ಅನ್ನಬೇಕು. ಆಮೇಲೆ ಹುಳುವಿಗೆ ಸೋಂಕು ತಗಲದಂತೆ ಕಾಲು ತೊಳೆದು, ಸುಣ್ಣ ತುಳಿದು ಬರಬೇಕು. ಎರಡನೇ ಸಲ ಕೂಗಿದರೆ ಮರ್ಯಾದೆ ಗೊತ್ತಿಲ್ಲದವರು ಎಂದಾಗುತ್ತದೆ, ಒಳಗಿನವರ ಕೈ ಬಿಡುವಿಲ್ಲದಿದ್ದರೆ ಕಾಯುವುದೇ ಮರ್ಯಾದೆ. ನಾನು ಇದೇ ಅಭ್ಯಾಸದವಳಾದ್ದರಿಂದ ನನ್ನ ಕೋಡಿನ ಕೆಳಗೆ ‘ಒಳಗೆ ಬರಬಹುದೇ?’ ಎಂದು ಒಂದೇ ಒಂದು ಸಲ ಬರೆದು ಹೊಸ್ತಿಲಾಚೆ ನಿಂತುಕೊಂಡೆ. ತಮ್ಮ ಕಡೆ ಪದ್ಧತಿ ಬೇರೆಯಂತೆ. ದಿನಾ ಬಂದು ಬಾಗಿಲು ಗುದ್ದುತ್ತಿದ್ದರೆ ಆಸಕ್ತಿಯುಳ್ಳವರು, ಸುಮ್ಮನೆ ಕಾದವರು ಸತ್ತವರ ಲೆಕ್ಕ. ನನಗೆ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಮುಂದಿನ ಬೆಳೆ ನಾಲ್ಕನೇ ಜ್ವರದಿಂದ ಎದ್ದು ದೊಡ್ಡ ಹುಳುವಾಯಿತು. ಆ ವಾರ ಹುಳುವಿರುವ ಮನೆಯಲ್ಲಿ ತಲೆ ಬಾಚಲೂ ಯಾರಿಗೂ ಪುರುಸೊತ್ತಿರುವುದಿಲ್ಲ. ಸೊಪ್ಪು ಕಡಿ, ಹೊರು, ಹಾಕು, ಕಸ ತೆಗೆ, ಮತ್ತೆ ಕಡಿ. ನಾನು ಅಂಗಡಿಗೆ ರಜೆ ಹಾಕಿ ಅವ್ವನ ಜೊತೆ ನಿಂತಿದ್ದೆ, ಅಪ್ಪ ಹೊರಗೆ ಕೂತು ಸೊಪ್ಪಿನ ಹೊರೆ ಬಿಚ್ಚಿಕೊಡುತ್ತಿದ್ದರು. ಸರಿಯಾಗಿ ಆ ವಾರ ತಮ್ಮ ಆದೇಶ ಬಂತು: ಈ ಅರ್ಜಿಯಲ್ಲಿ ಯಾವ ಚಟುವಟಿಕೆಯೂ ಕಾಣದ ಕಾರಣ ಮುಚ್ಚಲಾಗಿದೆ, ತಮ್ಮ ಕೊಡುಗೆಗೆ ಧನ್ಯವಾದಗಳು. ಮತ್ತೊಂದು ಪಟಾಕಿ. ಬೆರಳಿಗೆ ಮೆತ್ತಿದ ಸೊಪ್ಪಿನ ರಸ ಒರೆಸಿಕೊಂಡು ನಾನು ಅದನ್ನು ಓದಿದೆ.

ತಮ್ಮ ಕಾರ್ಯದಕ್ಷತೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಅದೇ ವಾರ ಒಬ್ಬ ಮಹಾಶಯರು, ಗಂಟೆಯ ಸದ್ದು ಸಾಲದು ಎಂದು ಅದನ್ನು ಇಮ್ಮಡಿ ಜೋರು ಮಾಡಿ ಕಳಿಸಿದ್ದರು. ಅವರಿಗೆ ಮಧ್ಯಾಹ್ನದೊಳಗೆ ಒಪ್ಪಿಗೆ ಸಿಕ್ಕಿತು. ಈಗ ಕಾಮಗೆರೆಯಿಂದ ಹನೂರಿನವರೆಗೆ ಸೊಪ್ಪುಗಂಟೆ ಇರುವ ಮನೆಗಳಲ್ಲೆಲ್ಲ ಜ್ವರದ ಹುಳುಗಳ ನೆತ್ತಿಯ ಮೇಲೆ ಅದು ದೇವಸ್ಥಾನದ ಜಾಗಟೆಯಂತೆ ಬಡಿಯುತ್ತಿದೆ. ಅಭಿನಂದನೆಗಳು.

ಇನ್ನು ನನ್ನ ಚಿಕ್ಕಪುಟ್ಟ ಕೋರಿಕೆಗಳು. ತಾವು ಒಮ್ಮೆ ಮುಳ್ಳೂರಿಗೆ ದಯಮಾಡಿಸಬೇಕು. ಕೊಳ್ಳೇಗಾಲದಲ್ಲಿ ಇಳಿದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ, ಹೊಸಬರಿಗೆ ಇಲ್ಲಿ ವಿವರಣೆ ಓದಿಸುವ ಪದ್ಧತಿಯಿಲ್ಲ. ಬಂದವರನ್ನು ಹೊಸ್ತಿಲಾಚೆ ನಿಲ್ಲಿಸಿ, ಅವ್ವ ಬಾ ಅನ್ನುವವರೆಗೆ ಮಿಸುಕದಂತೆ ನೋಡಿಕೊಳ್ಳುತ್ತೇವೆ. ಅದು ಆಗದಿದ್ದರೆ, ತಮ್ಮ ನಿಯಮವನ್ನು ಹುಳುಗಳಿಗೂ ವಿಸ್ತರಿಸಿ, ಇನ್ನು ಮುಂದೆ ಕಚೇರಿ ವೇಳೆಯಲ್ಲಿ ಜ್ವರಕ್ಕೆ ಕೂರಬಾರದು ಎಂದು ಒಂದು ನೋಟೀಸು ಕೊಡಬೇಕು. ತಮ್ಮ ಕೈಗೆ ನಮ್ಮ ಹುಳುಮನೆ ಕೊಟ್ಟಿದ್ದರೆ, ಮೊದಲನೇ ಜ್ವರದಲ್ಲೇ ಚಟುವಟಿಕೆಯಿಲ್ಲವೆಂದು ಅಷ್ಟನ್ನೂ ಗುಡಿಸಿ ತಿಪ್ಪೆಗೆ ಹಾಕಿ, ಮೇಲೊಂದು ಪಟಾಕಿ ಹಚ್ಚಿರುತ್ತಿದ್ದಿರಿ.

ನನ್ನ ಅರ್ಜಿಯನ್ನು ಮತ್ತೆ ತೆರೆಯಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ತಾವು ಮುಚ್ಚಿದ ಬಾಗಿಲಿನ ಮುಂದೆ ಒಂದಷ್ಟು ಹೊತ್ತು ನಿಂತ ಮೇಲೆ ನನಗೆ ಹೊಳೆದದ್ದೇನೆಂದರೆ, ತಾವು ಬಾಗಿಲನ್ನು ಕಾಯುತ್ತಿದ್ದೀರಿ, ಆದರೆ ಆ ಮನೆಗೆ ಗೋಡೆಯೇ ಇಲ್ಲ. ಕೋಡೆಲ್ಲ ಬಯಲಲ್ಲಿದೆ, ಯಾರು ಬೇಕಾದರೂ ನಕಲು ಮಾಡಿಕೊಂಡು ಬೇಕಾದಂತೆ ನಡೆಸಬಹುದು ಎಂದು ತಮ್ಮವರೇ ಬರೆದುಕೊಟ್ಟಿದ್ದಾರೆ. ಹಾಗಾಗಿ ಪೂರ್ತಿ ಸೊಪ್ಪುಗಂಟೆಯನ್ನು ನಕಲು ಮಾಡಿ, ಅದಕ್ಕೆ ಜ್ವರ ಕಲಿಸಿ, ಅದನ್ನೂ ಬಯಲಲ್ಲೇ ಇಟ್ಟು, ಅಪ್ಪನ ಫೋನಿಗೆ ಹಾಕಿದೆ.

ಹೊಸ ಬೆಳೆಯ ಮರಿಹುಳು ಯಳಂದೂರಿನಿಂದ ಬಂದವು, ನಿನ್ನೆ ಮೂರನೇ ಜ್ವರಕ್ಕೆ ಕೂತವು. ಅವ್ವನೇ ಅಪ್ಪನ ಫೋನು ಈಸಿಕೊಂಡು ಗುಂಡಿ ಒತ್ತಿ ವಾಪಸು ಕೊಟ್ಟಳು. ಸೊಪ್ಪಿನ ಹೊತ್ತಾಯಿತು, ಗಂಟೆ ಬಾರಿಸಲಿಲ್ಲ. ಅಪ್ಪ ಜಗುಲಿಯಲ್ಲಿ ಫೋನನ್ನು ಕಿವಿಗೆ ಹಿಡಿದು, ಅಲ್ಲಾಡಿಸಿ, ಇದು ಸತ್ತೇಹೋಯಿತೇನೋ ಎಂದು ಗಾಬರಿಯಾದರು. ಅವ್ವ ಬಾಗಿಲಲ್ಲಿ ಬಂದು ನಿಂತಳು.

“ಉಳ ಜ್ವರಕ್ ಕೂತವೆ, ಅದ್ಕೇ ಅದೂ ಸುಮ್ನದೆ. ನೀನ್ಯಾಕ್ ಅಲ್ ಕೂತಿದ್ದೀಯೆ? ಕಾಲ್ ತೊಳ್ಕಂಡು ಒಳಕ್ ಬಾ, ಸುಣ್ಣ ಉದ್ರಿಸ್ಬೇಕು.”

ಅಪ್ಪ ಕಾಲು ತೊಳೆಯಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಮುಖಕ್ಕೂ ನೀರು ಹಾಕಿಕೊಂಡರು.

ಇಷ್ಟು ತಿಳಿಸಲು ಬರೆದೆ. ತಮ್ಮ ಅಮೂಲ್ಯ ಸಮಯ ತೆಗೆದುಕೊಂಡದ್ದಕ್ಕೆ ಕ್ಷಮೆಯಿರಲಿ.

ಒಮ್ಮೆ ಮಾತ್ರ ಬಾಗಿಲು ತಟ್ಟಿದ,
ತಮ್ಮ ವಿಶ್ವಾಸಿ,
ಕೋಮಲ
ಮುಳ್ಳೂರು, ಕೊಳ್ಳೇಗಾಲ ತಾಲ್ಲೂಕು

ತಾ.ಕ.: ಒಂದು ಮಾತು ಬಿಟ್ಟುಹೋಯಿತು. ಇಡೀ ಪ್ರಾಜೆಕ್ಟನ್ನು ನಕಲು ಮಾಡಿದಾಗ ಅದರ ಜೊತೆ ತಾವೂ ನಮ್ಮ ಮನೆಗೆ ಬಂದುಬಿಟ್ಟಿದ್ದೀರಿ, ನೋಡಿಕೊಂಡಿಲ್ಲವೆಂದು ಕಾಣುತ್ತದೆ. ಓಡಿಸೋಣವೆಂದುಕೊಂಡೆ, ಬಾಗಿಲಿಗೆ ಬಂದವರನ್ನು ಹಾಗೆ ಕಳಿಸುವುದು ನಮ್ಮಲ್ಲಿಲ್ಲ, ಇಟ್ಟುಕೊಂಡಿದ್ದೇನೆ. ಪಟಾಕಿ ಕಿತ್ತುಕೊಂಡಿದ್ದೇನೆ, ಮುಚ್ಚುವ ಅಧಿಕಾರವನ್ನೂ. ಇನ್ನು ಮುಂದೆ ಯಾರಾದರೂ ಕೋಡು ಕಳಿಸಿ ಸುಮ್ಮನಾದರೆ ತಾವು ಹೇಳಬೇಕಾದದ್ದು ಇಷ್ಟೇ: ‘ಜ್ವರಕ್ಕೆ ಕೂತಿದ್ದೀರಾ? ಎದ್ದಾಗ ಹೇಳಿ, ಕಾಯುತ್ತೇವೆ.’ ಮೊನ್ನೆ ತಮ್ಮ ಹಳೆಯ ಮನೆಯಿಂದ, ಗಂಟೆ ಜೋರು ಮಾಡಿದ ಆ ಮಹಾಶಯರೇ ಒಂದು ತಿದ್ದುಪಡಿ ಹಿಡಿದು ಬಂದು ನಮ್ಮ ಹೊಸ್ತಿಲಾಚೆ ನಿಂತಿದ್ದಾರೆ. ಕಾಲು ತೊಳೆಯಲು ನೀರು ಕೊಡಿ.