ಎಲ್ಲರಿಗೂ ಪುಕ್ಕಟೆ ಸಂಬಳ ಕೊಟ್ಟರೆ?

ಸರ್ವೆ ಕೆಲಸ ಮಾಡಿದವರನ್ನು ಯಾರನ್ನಾದರೂ ಕೇಳಿ ನೋಡಿ, ನಾವು ಕೇಳೋದೇ ಒಂದು, ಜನ ಹೇಳೋದೇ ಇನ್ನೊಂದು. ನನಗೆ ಸಿಕ್ಕ ಸರ್ವೆಯಂತೂ ಇನ್ನೂ ವಿಚಿತ್ರದ್ದು.

ಎರಡು ಸಾವಿರದ ಇಸವಿ ಆಚೀಚೆ ಇರಬೇಕು. ಚಿತ್ರದುರ್ಗದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಸಂಶೋಧನೆಗೆ ಕೂತಿದ್ದರು. ಬಡವ, ಶ್ರೀಮಂತ, ದುಡಿಯೋನು, ದುಡಿಯದೋನು ಅಂತ ನೋಡದೆ ಸರ್ಕಾರ ಎಲ್ಲರಿಗೂ ತಿಂಗಳಾ ತಿಂಗಳಾ ಒಂದೇ ಸಮ ದುಡ್ಡು ಕೊಟ್ಟರೆ ಜನ ಏನು ಮಾಡ್ತಾರೆ, ಕೆಲಸ ಬಿಡ್ತಾರಾ ಅನ್ನೋದು ಅವರ ಪ್ರಶ್ನೆ. ಕೊಡ್ತೀವಿ ಅಂತಲ್ಲ, ಕೊಟ್ಟರೆ ಅಂತ. ಈ ‘ಕೊಟ್ಟರೆ’ ಹಿಡ್ಕೊಂಡು ಊರೂರು ತಿರುಗೋ ಕೆಲಸ ನನ್ನದು.

ಆಗ ಹೊಳಲ್ಕೆರೆಯಲ್ಲಿ ಒಂದು ಹುಡುಗಿ ನೋಡಿ ಬಂದಿದ್ದೆ. ನನಗೆ ಬಹಳ ಇಷ್ಟವಾಗಿದ್ದಳು. ಅವರಪ್ಪ ಮಾತ್ರ, ನೌಕರಿ ಪರ್ಮನೆಂಟ್ ಆಗಲಿ, ಆಮೇಲೆ ನೋಡಾಣ ಅಂದುಬಿಟ್ಟರು. ಹುಡುಗಿಯನ್ನು ಯಾರೂ ಕೇಳಿದಂಗಿರಲಿಲ್ಲ. ಸರ್ವೆ ಚೆನ್ನಾಗಿ ಮುಗಿಸಿದರೆ ಕಾಲೇಜಲ್ಲಿ ಗುಮಾಸ್ತೆ ಕೆಲಸಕ್ಕೆ ಹೇಳ್ತೀನಿ ಅಂತ ಮೇಷ್ಟ್ರು ಮಾತು ಕೊಟ್ಟಿದ್ದರು. ಹಿಂಗಾಗಿ ನನ್ನ ಮದುವೆ ಜನರ ಉತ್ತರದ ಮೇಲೆ ನಿಂತಿತ್ತು.

ಜ್ವರ ಬಂದ ಅತ್ತೆ

ನಮ್ಮ ಕಡೆ ಫಾರಂ ಹಿಡಿದವನು ಊರೊಳಗೆ ಕಾಲಿಟ್ಟರೆ ಸಾಕು, ಟೀವಿ, ಸೈಕಲ್ಲು ಅಂತ ಅರ್ಧ ಮನೆ ಸಾಮಾನು ಹಿತ್ತಲು ಸೇರ್ತದೆ. ಇದ್ದೋರು ಅಂತ ಬರ್ಕೊಂಡರೆ ರೇಷನ್ ಕಾರ್ಡು ಹೋಗುತ್ತಲ್ಲ, ಅದೇ ಭಯ. ಇದು ಇದ್ದೋರಿಗೂ ಇಲ್ಲದೋರಿಗೂ ಒಂದೇ ಕಣ್ರಮ್ಮಾ ಅಂತ ಎಷ್ಟು ಬಡ್ಕೊಂಡರೂ ಯಾರೂ ನಂಬೋದಿಲ್ಲ.

ಹಿರಿಯೂರು ಕಡೆಯ ಒಂದು ಮನೇಲಿ ಮೂಲೆಯ ಮಂಚದ ಮೇಲೆ ಏನೋ ಕಂಬಳಿ ಹೊದ್ದು ಮಲಗಿತ್ತು. ಯಾರು ಅಂದೆ. ನಮ್ಮತ್ತೆ, ಚಳಿಜ್ವರ ಅಂದಳು ಮನೆಯಾಕೆ. ನಾನೂ ದನಿ ತಗ್ಗಿಸಿ ಪ್ರಶ್ನೆ ಕೇಳ್ತಾ ಕೂತೆ. ಅಷ್ಟೊತ್ತಿಗೆ ಹೋಗಿದ್ದ ಕರೆಂಟು ಬಂತು. ಕಂಬಳಿಯೊಳಗಿಂದ ಅತ್ತೆ ಗಂಡಸಿನ ದನಿಯಲ್ಲಿ ವಾರ್ತೆ ಓದೋಕೆ ಶುರುಮಾಡಿದರು.

ಆಕೆ ಮುಖ ಒಂದಿಷ್ಟೂ ಅಲುಗಲಿಲ್ಲ. "ಜ್ವರ ನೆತ್ತಿಗೇರೈತೆ ಸಾರ್, ನೀವು ಬರ್ಕಳ್ರಿ" ಅಂದಳು.

ಗೌಡರ ಅಭ್ಯಾಸ

ಹೊಸದುರ್ಗದ ಮಾಡದಕೆರೆ ಕಡೆ ಒಬ್ಬ ಗೌಡರು. ಹೊಲ ಕೋರಿಗೆ ಕೊಟ್ಟು, ಬೆಳೆದೋರ ಹತ್ರ ಅರ್ಧ ಪಾಲು ಇಸ್ಕೊಂಡು, ಜಗಲಿ ಮೇಲೆ ದಿಂಬಿಗೆ ಒರಗಿ ಕಾಲ ಹಾಕೋ ಆಸಾಮಿ. ಪ್ರಶ್ನೆ ಕೇಳಿದ್ದೇ ಸಿಟ್ಟಿಗೆದ್ದರು. ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು, ದುಡೀದೆ ದುಡ್ಡು ಬಂದ್ರೆ ಮನುಷ್ಯ ಕೆಟ್ಟು ಕೆರ ಹಿಡೀತಾನೆ ಅಂತ ದೊಡ್ಡ ಭಾಷಣ ಮಾಡಿದರು.

ಹಂಗಾದ್ರೆ ನಿಮಗೆ ಬೇಡ ಅಂತ ಬರ್ಕೊಳ್ಳಲಾ ಅಂದೆ.

"ಏ, ನನಗೆ ಬರ್ಲಿ ಬಿಡಪ್ಪ. ನನಗೆ ಅಭ್ಯಾಸ ಐತೆ."

ಅವರ ಹೊಲದಲ್ಲೇ ಕಳೆ ಕೀಳ್ತಿದ್ದ ಮುದುಕಿಯನ್ನೂ ಕೇಳಿದೆ. ಆಯಮ್ಮನಿಗೆ ದುಡ್ಡು ಎಷ್ಟು ಅನ್ನೋದು ಬೇಕಿರಲಿಲ್ಲ. ಗೌಡ್ರಿಗೂ ನನಗೂ ಒಂದೇ ಸಮನಾ, ಒಂದೇ ಸಾಲಲ್ಲಿ ನಿಂತು ಇಸ್ಕೋಬೇಕಾ ಅಂತ ವಿಚಾರಿಸಿದಳು. ಹೂಂ ಅಂದೆ. ಕುಡುಗೋಲು ಕೆಳಗಿಟ್ಟಳು.

"ದುಡ್ಡು ಆಮೇಲೆ ಕೊಡ್ರಿ. ಮೊದ್ಲು ಸಾಲು ನಿಲ್ಸ್ರಿ."

ಹೊಳಲ್ಕೆರೆಯ ಮನೆ

ಇವನ್ನೆಲ್ಲ ಓದಿ ಮೇಷ್ಟ್ರು ತಲೆ ಚಚ್ಚಿಕೊಂಡರು. ಇವು ಉತ್ತರವೇನಯ್ಯಾ, ಹೊಳಲ್ಕೆರೆಯಲ್ಲಾದರೂ ನೆಟ್ಟಗೆ ಮಾಡು, ಇಲ್ಲಾಂದ್ರೆ ಕಾಲೇಜಿನ ಮಾತು ಎತ್ತಬೇಡ ಅಂದರು. ಮೇಲಾಗಿ, ಅವರು ಚೀಟಿ ಎತ್ತಿ ಆರಿಸಿದ ಮನೆಗಳಲ್ಲಿ ಹುಡುಗಿ ಮನೆಯೂ ಒಂದು. ಬಿಡೋ ಹಂಗಿಲ್ಲ.

ನೌಕರಿ ಸುದ್ದಿ ತಂದಿದೀನಿ ಅಂದ್ಕೊಂಡು ಅವರಪ್ಪ ಕಾಫಿ ತರಿಸಿದರು. ನಾನು ಫಾರಂ ತೆಗೆದಾಗ ಅವರ ಮುಖ ಇಳೀತು. ಆದರೂ ಮರ್ಯಾದಸ್ಥರು, ಎಲ್ಲದಕ್ಕೂ ಉತ್ತರ ಕೊಟ್ಟರು. ಕಟ್ಟೆ ಮೇಲೆ ಇಸ್ಪೀಟಾಡೋರಿಗೂ ಬರ್ತದಾ ಅಂದರು. ಬರ್ತದೆ ಅಂದೆ. ಹೆಂಗಸ್ರಿಗೂ? ಅವರವರ ಹೆಸರಿಗೇ ಅಂದೆ.

ಮನೇಲಿ ದೊಡ್ಡವರಾದೋರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಬೇಕು ಅಂತ ಮೇಷ್ಟ್ರ ಅಪ್ಪಣೆ. ಅದನ್ನು ಹೇಳಿದೆ. ಅವರು ಒಲ್ಲದ ಮನಸ್ಸಿನಿಂದ ಮಗಳನ್ನು ಕರೆದರು. ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ನಾನು ತಲೆ ಎತ್ತದೆ ಓದಿದೆ: ನಿಮ್ಮ ಹೆಸರಿಗೇ ತಿಂಗಳಾ ತಿಂಗಳಾ ದುಡ್ಡು ಬಂದರೆ ಮೊದಲು ಏನು ಮಾಡ್ತೀರಿ?

ಅವಳು ಅಪ್ಪನ ಕಡೆ ನೋಡಿಕೊಂಡೇ ಹೇಳಿದಳು. "ನೌಕರಿ ಪರ್ಮನೆಂಟ್ ಇಲ್ಲದ ಗಂಡನ್ನೇ ಮದುವೆ ಆಗ್ತೀನಿ. ಹಂಗೇ ಬರ್ಕಳ್ರಿ."

ನಾನು ಖುಷಿಗೆ ಎದ್ದು ಕುಣಿಯೋದೊಂದು ಬಾಕಿ. ಅವರಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ಸರ್ಕಾರ ಇನ್ನೂ ಕೊಟ್ಟೇ ಇಲ್ಲ, ಇವಳು ಆಗ್ಲೇ ಖರ್ಚು ಮಾಡಿ ಕುಂತವ್ಳೆ. ಹೋಗ್ಲಿ, ನಿಮ್ಮ ತಂದೇರಿಗೆ ಒಂದ್ಸಲ ಬರಾಕೆ ಹೇಳ್ರಿ."