ಕೇಬಲಿನ ಹೊಟ್ಟೆ ಸೀಳಿದ ಭಾವ

ದೇವರೇ ಎದುರು ಬಂದು ನಿಂತರೂ ನನ್ನ ಭಾವ ಅವನನ್ನು ಸೀಳಿ, ಒಳಗಿನ ಬಣ್ಣ ನೋಡಿದ ಮೇಲೆಯೇ ಕೈಮುಗಿಯುತ್ತಾನೆ. ಶಿರಸಿಯ ಅಡಕೆ ವಖಾರಿಯಲ್ಲಿ ಅವನ ಕೆಲಸವೇ ಅದು: ಚೀಲದಿಂದ ಒಂದು ಹಿಡಿ ಅಡಕೆ ತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ, ಒಳಗು ನೋಡಿ ದರ್ಜೆ ಹೇಳುವುದು. ಹೇಳಲಿ. ಆದರೆ ಮನೆಗೆ ಬಂದ ಮೇಲೂ ಆ ಅಡಕತ್ತರಿ ಜೇಬಿನಲ್ಲೇ ಇರಬೇಕೆ? ಹೊಸ ಚಪ್ಪಲಿಯ ಅಟ್ಟೆ ಕೊಯ್ದು ನೋಡಿದವನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ಚಪ್ಪಲಿ ಮೆಟ್ಟಿದವನ ಜೊತೆ ಹುಲಗೋಳದ ಮದುವೆಗೂ ಹೋಗಿದ್ದೇನೆ. ಅಥವಾ ಅದು ಉಪನಯನವೋ ಏನೋ. ನೆನಪು ಇಂಥ ಕಡೆ ಊಟವನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಅವನ ಹೆಂಡತಿ, ಅಂದರೆ ನನ್ನ ಅಕ್ಕನಿಗೆ ಪಾರ್ಶ್ವವಾಯು ಆಗಿ ಬಲಗೈ ಹೆಬ್ಬೆರಳು ಅಲುಗುತ್ತಿರಲಿಲ್ಲ. ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಅವಳು ಕಿಟಕಿಯಾಚೆ ಎಸೆದಿದ್ದಳು, ಎಡಗೈಯಲ್ಲಿ. "ವಿಡಿಯೋ ಗೇಮ್ ಆದ್ರೂ ಆಡಿಸಿ. ಈಗ ಬಿಟ್ರೆ ಬೆರಳು ಮತ್ತೆ ಬರೋದು ಕಷ್ಟ" ಎಂದಳು ಫಿಸಿಯೋಥೆರಪಿಯವಳು. ಗೇಮಿನ ಪೆಟ್ಟಿಗೆ ನಾನು ತಂದೆ. ಅದಕ್ಕಿದ್ದದ್ದು ಒಂದೇ ಚಪ್ಪಟೆ ಎಚ್‌ಡಿಎಂಐ ಬಾಯಿ. ಭಾವನ ಟಿವಿಗೋ ಹಳದಿ, ಬಿಳಿ, ಕೆಂಪು ಮೂರು ದುಂಡು ತೂತು.

"ಹೊಸ ಟಿವಿ ತಗಳ ಭಾವ" ಎಂದೆ.

"ಇದು ಇನ್ನೂ ಸತ್ತಿದ್ದಿಲ್ಲೆ ಭಾವ" ಎಂದ.

ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಬುದ್ಧಿಯಿರುವ ಭಾವ ನಾನು.

ಇಬ್ಬರೂ ಕೇಬಲ್ ಕೇಳಲು ಹೋದಾಗ ಅಂಗಡಿಯವನು ಬಿಡಿಸಿ ಹೇಳಿದ: ಬರೀ ಕೇಬಲ್ ಸಾಲದು, ನಡುವೆ ಸಿಗ್ನಲ್ ಬದಲಿಸುವ ಸಣ್ಣ ಡಬ್ಬಿ ಬೇಕು. ಭಾವ ಕೇಳಿಸಿಕೊಂಡರೆ ತಾನೆ? ಅವನ ಕಣ್ಣು ಆಗಲೇ ಗೋಡೆಗೆ ತೂಗುಹಾಕಿದ್ದ ಇನ್ನೊಂದು ಕೇಬಲಿನ ಮೇಲಿತ್ತು. ಒಂದು ತುದಿ ಚಪ್ಪಟೆ, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್ನು.

"ಒಂದು ಕತ್ತರಿಸಿ ನೋಡ್ಲಾ?"

"ಭಟ್ರೇ, ಇದು ಅಡಕೆ ಅಲ್ಲ."

"ಅಡಕೆ ಆಗಿದ್ರೆ ಮೂಸಿಯೇ ಹೇಳ್ತಿದ್ದೆ."

ಎರಡು ಕೊಂಡ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದನ್ನು ಕಚಕ್ಕನೆ ಕತ್ತರಿಸಿದ. ತಾಮ್ರ ಹೊಳೆಯಿತು. "ಮಾಲು ಫಸ್ಟ್ ಕ್ಲಾಸ್ ಇದ್ದು ಭಾವ."

ಮನೆಯಲ್ಲಿ ಇನ್ನೊಂದನ್ನು ಸಿಕ್ಕಿಸಿದರೆ ಪರದೆ ಕರ್ರಗೆ! ತಾಮ್ರ ಎಷ್ಟು ಹೊಳೆದರೇನು, ಬರೀ ತಂತಿ ಸಿಗ್ನಲ್ ಬದಲಿಸುತ್ತದೆಯೇ? ಅಕ್ಕ ಗೇಮಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದಳು, ಕಾದಳು, ಕಡೆಗೆ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಿಗೆ ಇಳಿಸಿಕೊಂಡಳು. "ಬಿಡಿ, ಎನ್ನ ಕೈ ಹಣೇಬರ ಇಷ್ಟೇಯ."

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ನಾನೇ ಹೋಗಿ ಡಬ್ಬಿಯನ್ನೂ ಅದಕ್ಕೆ ಬೇಕಾದ ಕೇಬಲ್ಲನ್ನೂ ತಂದೆ. ಭಾವ ಕೈ ಚಾಚಿದ.

"ಒಳಗೆ ಎಂತ ಇದ್ದು ನೋಡ್ಲಕ್ಕಾ?"

"ಮುಟ್ಟಿದ್ರೆ ನಿನ್ನೇ ಸೀಳಿ ನೋಡ್ತೆ."

ಡಬ್ಬಿ ಕೂಡಿಸಿದೆ. ಚಿತ್ರ ಬಂತು, ಹೋಯಿತು. ಟಿವಿಯ ಹಳದಿ ತೂತು ಸಡಿಲವಾಗಿತ್ತು. ಹೊಸ ಟಿವಿ ಕೊಳ್ಳದವನಿಗೆ ಇನ್ನಷ್ಟು ಬೈಯಬೇಕೆಂದು ತಿರುಗುವಷ್ಟರಲ್ಲಿ ಭಾವ ಟಿವಿಯ ಹಿಂದಿನ ಸಂದಿಗೆ ತೂರಿ, ಗೋಡೆಗೊರಗಿ, ಪಿನ್ನನ್ನು ಬೆರಳಲ್ಲಿ ಒತ್ತಿ ಹಿಡಿದು ಕೂತಿದ್ದ. ಬಿಟ್ಟರೆ ಚಿತ್ರ ಹೋಗುತ್ತದೆ. ಪರದೆಯ ಮೇಲೆ ಅಕ್ಕನ ಕಾರು ಹೊರಟಿತು. ಮರಕ್ಕೆ ಬಡಿಯಿತು, ಸೇತುವೆಯಿಂದ ಬಿತ್ತು, ಮತ್ತೆ ಹೊರಟಿತು. ಅವಳ ಹೆಬ್ಬೆರಳು ತುಸುವೇ ತಗ್ಗಿತು. ತಗ್ಗಿತೋ, ತಗ್ಗಲಿ ಎಂದು ನನಗೆ ಹಾಗೆ ಕಂಡಿತೋ.

"ಅಲ್ಲಿ ಕೂತ್ರೆ ನಿಂಗಕ್ಕೆ ಎಂತ ಕಾಣ್ತು? ಆಟವೂ ಕಾಣ್ತಿಲ್ಲೆ" ಎಂದಳು ಅಕ್ಕ.

ಭಾವ ಟಿವಿಯ ಬದಿಯಿಂದ ಕತ್ತು ಚಾಚಿದ್ದ.

"ನಿನ್ನ ಹೆಬ್ಬೆಟ್ಟು ಕಾಣ್ತು. ನೀನು ಒತ್ತು, ಆನು ಹಿಡ್ಕಂಡಿದ್ದಿ."