ಎಡಗೈಗೆ ಸಿಕ್ಕ ಲ್ಯಾಪ್‌ಟಾಪು

ಕೈಗೆ ಒಂದು ಕೆಲಸ ಕಲಿಸುವುದು ಕಷ್ಟವಲ್ಲ. ಕಲಿತದ್ದನ್ನು ಬಿಡಿಸುವುದಿದೆಯಲ್ಲ, ಅದು ಸಾಕುಸಾಕು ಮಾಡಿಬಿಡುತ್ತದೆ. ಇಪ್ಪತ್ತು ವರ್ಷ ಶಹಾಪುರದ ಭಜನೆಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದವನು ನಾನು. ಬಲಗೈ ಸ್ವರ ಹುಡುಕುತ್ತಿದ್ದರೆ ಎಡಗೈ ಪೆಟ್ಟಿಗೆಯ ಹಿಂದೆ ಗಾಳಿ ಊದುವ ತಿದಿಯನ್ನು ಎಳೆದು ಬಿಡುತ್ತಿರಬೇಕು. ಹೋದ ವರ್ಷ ಕೀಬೋರ್ಡ್ ತಂದು, ವೈರು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿ, ಹಾಡು ಮುದ್ರಿಸುವ ಸಾಫ್ಟ್‌ವೇರ್ ಹಾಕಿಸಿದೆ. ಇನ್ನು ತಿದಿಯ ಹಂಗಿಲ್ಲ ಎಂದು ಭಜನೆಯವರ ಮುಂದೆ ಬೀಗಿದ್ದೂ ಆಯಿತು. ಅದರಲ್ಲಿ ಪಿಟೀಲು, ಕೊಳಲು, ಶಹನಾಯಿ ಎಲ್ಲ ಇವೆ. ನಾನು ಹುಡುಕಿ ಇಟ್ಟುಕೊಂಡದ್ದು ಪೇಟಿಯ ಧ್ವನಿಯನ್ನೇ. "ಪೇಟಿ ಅಟ್ಟಕ್ಕ ಹಾಕಿ ಮತ್ತ ಪೇಟಿನ ತಂದ್ರಿ ನೋಡ್ರಿ" ಎಂದಳು ಹೆಂಡತಿ ಮಹಾದೇವಿ.

ಪರೀಕ್ಷೆ ಬಂದದ್ದು ಕೊಡೇಕಲ್ಲಿನ ಸೋದರತ್ತೆಯ ಜೊತೆಗೆ. ಅವಳ ಗಂಟಲಲ್ಲಿ ಗಂಟು. ಮರುದಿನ ಕಲಬುರಗಿಯಲ್ಲಿ ಆಪರೇಷನ್. ಆಮೇಲೆ ದನಿ ಹೀಗೇ ಇರುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ನನ್ನಜ್ಜಿ ಕಟ್ಟಿದ ಒಂದು ತೊಟ್ಟಿಲ ಪದ ಈ ಅತ್ತೆಯೊಬ್ಬಳ ಬಾಯಲ್ಲಿ ಉಳಿದಿತ್ತು. ಸಂಜೆ ಐದಕ್ಕೆ ಬಸ್ಸು. "ಒಂದ ಸಲ ಹಾಡ್ತೀನಿ ತಮ್ಮಾ. ಎರಡನೇ ಸಲಕ್ಕ ಗಂಟಲ ಕೇಳಂಗಿಲ್ಲ. ಹಿಡಕೊ" ಎಂದಳು.

ಫ್ಯಾನು ಆರಿಸಿದೆ, ಕಿಟಕಿ ಹಾಕಿದೆ. ಕುಕ್ಕರ್ ಕೂಗೀತೆಂದು ಒಲೆಯನ್ನೇ ಆರಿಸಲು ಹೇಳಿದೆ. ಮಹಾದೇವಿ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತಳು. ಅತ್ತೆಯ ಮುಂದೆ ಮೈಕು, ನನ್ನ ಮುಂದೆ ಕೀಬೋರ್ಡು, ಅದರ ಹಿಂದೆ ಬಾಯಿ ತೆರೆದು ನಿಂತ ಲ್ಯಾಪ್‌ಟಾಪು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೆಂಪು ಗುಂಡಿ ಒತ್ತಿದೆ. ಅತ್ತೆ ಕಣ್ಣು ಮುಚ್ಚಿ ಪದ ಎತ್ತಿದಳು. ತೆರೆಯ ಮೇಲೆ ಹಸಿರು ಗೆರೆ ಕುಣಿಯತೊಡಗಿತು. ನಾನು ಕಣ್ಣು ಮಿಟುಕಿಸದೆ ಆ ಗೆರೆಯನ್ನೇ ಕಾಯುತ್ತಿದ್ದೆ. ಎರಡನೇ ನುಡಿ ಮುಗಿಯುವಷ್ಟರಲ್ಲಿ ಜೊತೆಗೆ ಸ್ವರ ಒತ್ತುತ್ತಿದ್ದ ಬಲಗೈಗೂ ರಂಗು ಬಂತು. ಆಗಲೇ ನನ್ನ ಎಡಗೈ, ಹೇಳದೆ ಕೇಳದೆ, ಎದುರಿಗೆ ಎದ್ದು ನಿಂತಿದ್ದ ಮುಚ್ಚಳವನ್ನು ತಿದಿಯೆಂದುಕೊಂಡು ಹಿಂದಿನಿಂದ ಹಿಡಿದು ಎಳೆಯಿತು. ಲ್ಯಾಪ್‌ಟಾಪು ಟಪ್ಪೆಂದು ಮುಚ್ಚಿತು. ಧ್ವನಿ ಹೊರಡುವುದೂ ಅದರಿಂದಲೇ ಆದ್ದರಿಂದ ಕೀಬೋರ್ಡೂ ಮೂಕವಾಯಿತು.

ಅತ್ತೆ ಮಾತ್ರ ನಿಲ್ಲಲಿಲ್ಲ. ನಿಲ್ಲಿಸು ಎಂದರೆ ಇದ್ದ ಒಂದು ಸಲವೂ ಕೆಡುತ್ತದೆ. ಸುಮ್ಮನಿದ್ದರೆ ಪದವೇ ಹೋಗುತ್ತದೆ. ಮುಚ್ಚಳ ತೆರೆದರೆ ಪಾಸ್‌ವರ್ಡ್ ಕೇಳಿತು. ಬೆವರುಗೈಯಲ್ಲಿ ಹೊಡೆದೆ, ತಪ್ಪು. ಮತ್ತೆ ಹೊಡೆದೆ, ಮತ್ತೂ ತಪ್ಪು. ಮೂರನೇ ಸಲ ಅದು ಮನಸ್ಸು ಮಾಡಿ ತೆರೆದುಕೊಂಡಾಗ ಅತ್ತೆ ಕೊನೆಯ ಸಾಲನ್ನು ಎಳೆದು ಮುಗಿಸಿ ಕಣ್ಣು ಬಿಟ್ಟಳು.

"ಬಂತೇನೋ?"

"ಎರಡ ನುಡಿ ಬಂದಾವ ಅತ್ತಿ..." ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಡಬ್ಬಿಗಿ ಬರಲಿಲ್ಲಂದ್ರ ಹೋಗ್ಲಿ ಬಿಡು. ನೀ ಎದುರಿಗೇ ಕುಂತಿದ್ದೆಲ್ಲ, ಮೂರನೇ ನುಡಿ ಹೇಳು ನೋಡೋಣು" ಎಂದಳು.

ನನಗೆ ಒಂದಕ್ಷರವೂ ಹೊಳೆಯಲಿಲ್ಲ. ಕಣ್ಣ ಮುಂದೆ ಬಂದದ್ದು ಆ ಹಸಿರು ಗೆರೆ ಮಾತ್ರ. ಆಗ ಹೊಸ್ತಿಲಿನಿಂದ ಮಹಾದೇವಿ ಮೆಲ್ಲಗೆ ಆ ನುಡಿ ಎತ್ತಿದಳು, ನಡುವೆ ಒಂದು ಮಾತು ತಪ್ಪಿದಳು. ಅತ್ತೆ ಪಿಸುದನಿಯಲ್ಲಿ ತಿದ್ದಿ, "ಬಾ ಯವ್ವಾ, ಇಲ್ಲಿ ಕುಂದ್ರು" ಎಂದು ನನ್ನ ಕೀಬೋರ್ಡನ್ನು ಆಚೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಹೋಗಿ ಅನ್ನಕ್ಕಿಡು. ಬಸ್ಸಿಗಿ ಹೊತ್ತಾಗ್ತೈತಿ" ಎಂದಳು.

ಹೋದೆ. ಹೊರಗೆ ಅತ್ತೆ ಸಾಲು ಹೇಳಿಕೊಡುತ್ತಿದ್ದಳು, ಮಹಾದೇವಿ ಹಾಡುತ್ತಿದ್ದಳು. ಆ ಪದ ನನಗೆ ಕೇಳಿಸಿದ್ದು ಅದೇ ಮೊದಲು. ಎರಡು ನೀರಿನಲ್ಲಿ ತೊಳೆಯಬೇಕಾದ ಅಕ್ಕಿಯನ್ನು ಅಲ್ಲೇ ನಿಂತು ಏಳು ನೀರಿನಲ್ಲಿ ತೊಳೆದೆ.